ಉಪ್ಪುನೀರಿನ ತೊಟ್ಟಿಯಲ್ಲಿ ಒಕ್ಕಣ್ಣಿನ ಹುಳ

ಗಾಜಿನ ಒಳಮೈ ಮೇಲೆ ಬಿಳಿ ಚುಕ್ಕೆಗಳು ಓಡಾಡುತ್ತಿವೆ ಎಂದು ಮೊದಲು ಹೇಳಿದವರು ಆ ತೊಟ್ಟಿ ಕಟ್ಟಿದವರೇ. ಬೆಟಗೇರಿಯಲ್ಲಿ ಗಾಜು ಕೊಯ್ಯುವ ಅಂಗಡಿ ಇಟ್ಟಿದ್ದ ಅವರನ್ನು ಓಣಿಯವರೆಲ್ಲ ಚಾಚಾ ಎನ್ನುತ್ತಿದ್ದರು. ಕಿಟಕಿ ಗಾಜು, ಫೋಟೋ ಕಟ್ಟು ಹಾಕುವುದು ಅವರ ಹೊಟ್ಟೆಪಾಡು. ಮೀನಿನ ತೊಟ್ಟಿ ಅವರ ಹುಚ್ಚು. ಗದಗ ಬೇರೆ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ಮಕ್ಕಳ ವೈದ್ಯೆಯೊಬ್ಬರು ಊರಲ್ಲಿ ಹೊಸ ದವಾಖಾನೆ ತೆರೆದು, ಕಾಯುವ ಮಕ್ಕಳು ಅಳದಿರಲೆಂದು ಒಂದು ಸಾದಾ ಮೀನಿನ ತೊಟ್ಟಿ ಬೇಕೆಂದರು. ಚಾಚಾ ಹಟ ಹಿಡಿದು ಸಮುದ್ರದ ತೊಟ್ಟಿಯನ್ನೇ ಕಟ್ಟಿದರು.

ಕಡಲು ನಮ್ಮೂರಿಗೆ ಒಂದು ದಿನದ ದಾರಿ. ನಮ್ಮ ಕೊಳವೆಬಾವಿ ನೀರು ಕುದಿಸಿದರೆ ಪಾತ್ರೆಗೆ ಸುಣ್ಣದ ಪದರ ಕೂಡುತ್ತದೆ. ಅದನ್ನು ಶುದ್ಧೀಕರಿಸಿ, ಪ್ಯಾಕೆಟ್ಟಿನ ಸಮುದ್ರದ ಉಪ್ಪು ಕರಗಿಸಿ, ತೇಲುಗೋಲು ಬಿಟ್ಟು ಸಾಂದ್ರತೆ ಅಳೆದು, ಕರಾವಳಿಯ ಮೀನು ಸಾಕಣೆಯವರಿಂದ ತರಿಸಿದ ರಂಧ್ರಗಳ ಕಲ್ಲುಗಳನ್ನು ಜೋಡಿಸಿ, ಮೀನು ಬಿಡದೆ ಬರೀ ನೀರನ್ನೇ ಮೂರು ತಿಂಗಳು ತಿರುಗಿಸುತ್ತ ಅವರು ಕಾದಿದ್ದರು. ಆಮೇಲೆ ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು ಬಂದವು, ಕೆಂಪು ಬೆನ್ನಿನ ಎರಡು ಸಿಗಡಿ ಬಂದವು. ಒಟ್ಟು ಐದು ತಿಂಗಳ ಕೆಲಸ. ಚುಕ್ಕೆಗಳು ಕಂಡಾಗ ಅವರಿಗೆ ಹೆದರಿಕೆ ಆಗಿರಲಿಲ್ಲ, ಖುಷಿಯೇ ಆಗಿತ್ತು. ನಾನು ಆಗ ಗದಗಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುತ್ತಿದ್ದೆ. ಅವುಗಳ ಹೆಸರು ಕೇಳಲೆಂದು ಅವರು ನನ್ನನ್ನು ಕರೆದರು.

ನಾನು ಹೋದ ಸೋಮವಾರ ದವಾಖಾನೆಯಲ್ಲಿ ಇನ್ನೊಬ್ಬರೂ ತೊಟ್ಟಿಯ ಮುಂದೆ ಕುಳಿತಿದ್ದರು. ವೈದ್ಯೆಯ ಮಾವ, ನಿವೃತ್ತ ಆರೋಗ್ಯ ನಿರೀಕ್ಷಕರು. ಕೈಯಲ್ಲಿ ಹಿತ್ತಾಳೆ ಹಿಡಿಯ ಭೂತಗನ್ನಡಿ. ನನ್ನನ್ನು ಕಂಡು ಅವರು ಏಳಲಿಲ್ಲ, ಪಕ್ಕದ ಕುರ್ಚಿ ತೋರಿಸಿದರು.

“ಕುಂಡ್ರಿ ಸರ. ಇದು ಸೈಕ್ಲಾಪ್ಸ್ ಐತಿ. ನಾರಿನ ಹುಳ ಹೊರೂದು.”

ಈಗಿನವರಿಗೆ ನಾರು ಹುಣ್ಣು ಗೊತ್ತಿಲ್ಲ. ನಮ್ಮ ಸೀಮೆಯಲ್ಲಿ ಮೆಟ್ಟಿಲ ಬಾವಿ, ಕೆರೆಯ ನೀರು ಕುಡಿದವರ ಕಾಲಿನಿಂದ ಮೊಳಗಟ್ಟಲೆ ಉದ್ದದ ದಾರದಂಥ ಹುಳ ಹೊರಬರುತ್ತಿತ್ತು. ದಿನಕ್ಕೆ ಬೆರಳಗಲದಷ್ಟೇ ಕಡ್ಡಿಗೆ ಸುತ್ತಿ ಎಳೆಯಬೇಕು. ಹರಿದರೆ ಕಾಲು ಬಾವು ಬಂದು ಮನುಷ್ಯ ತಿಂಗಳುಗಟ್ಟಲೆ ಮಲಗುತ್ತಾನೆ. ಆ ಹುಳದ ಮರಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ನೀರಿನಲ್ಲಿ ಕಾಯುವುದು ಸೈಕ್ಲಾಪ್ಸ್ ಎಂಬ ಒಕ್ಕಣ್ಣಿನ ಸಣ್ಣ ಜೀವಿ. ವೈದ್ಯೆಯ ಮಾವನವರಾದ ಈ ಹಿರಿಯರು ಡಂಬಳ, ಕೊರ್ಲಹಳ್ಳಿ, ಶಿರಹಟ್ಟಿಯ ಸುತ್ತಿನ ಊರುಗಳಲ್ಲಿ ಹನ್ನೆರಡು ವರ್ಷ ಇದರ ಬೆನ್ನು ಹತ್ತಿದ್ದರು. ಬಾವಿಗೆ ಔಷಧ ಹಾಕಿಸುವುದು, ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸಲು ಕಲಿಸುವುದು ಅವರ ಕೆಲಸವಾಗಿತ್ತು. ರೋಗ ಹೋಯಿತು. ಅವರು ನಿವೃತ್ತರಾದರು. ಈಗ ಸೊಸೆಯ ದವಾಖಾನೆಯಲ್ಲಿ ಅದೇ ಆಕಾರ ಗಾಜಿನ ಮೇಲೆ ಹರಿದಾಡುತ್ತಿತ್ತು.

ಸೊಳ್ಳೆ ಮರಿ ಕೊಲ್ಲಲು ಹಾಕುವ ಔಷಧದ ಬಾಟಲಿಯನ್ನು ಅವರು ಆಗಲೇ ತರಿಸಿ ಕಪಾಟಿನಲ್ಲಿ ಇಟ್ಟಿದ್ದರು. ಒಂದು ಹನಿ ಸಾಕು ಎಂದರು. ಅದು ನಿಜವೇ. ಆದರೆ ಈ ಚುಕ್ಕೆಗಳೂ ಸಿಗಡಿಯೂ ಒಂದೇ ಕುಲದವು. ಇವನ್ನು ಕೊಲ್ಲುವ ಔಷಧ ಸಿಗಡಿಯನ್ನೂ ಕೊಲ್ಲುತ್ತದೆ, ಕಲ್ಲಿನ ರಂಧ್ರದಲ್ಲಿ ಬದುಕುವುದನ್ನೆಲ್ಲ ಕೊಲ್ಲುತ್ತದೆ, ಸತ್ತದ್ದು ಕೊಳೆತು ಮೀನೂ ಹೋಗುತ್ತವೆ. ಚಾಚಾ ಇದನ್ನು ನನಗಿಂತ ಮೊದಲೇ ತಿಳಿದಿದ್ದರು. ಅವರು ಒಂದು ಕೈಯನ್ನು ಗಾಜಿನ ಮೇಲಿಟ್ಟುಕೊಂಡೇ ನಿಂತಿದ್ದರು.

ನಾನು ಆಗ ಮಾಡಿದ ತಪ್ಪನ್ನು ಬರೆಯಲೇಬೇಕು. ಬರಿಗಣ್ಣಿನಿಂದ ಅರೆಗಳಿಗೆ ನೋಡಿ, ಎಂ.ಎಸ್ಸಿ.ಯ ಪ್ರಯೋಗಾಲಯವನ್ನು ನೆನಪಿಸಿಕೊಂಡು, ಪೂರ್ತಿ ಖಾತರಿಯಿಂದ ಹೇಳಿದೆ: ಇವು ಸೈಕ್ಲಾಪ್ಸಿನ ಸಮುದ್ರದ ದಾಯಾದಿಗಳು, ಕೋಪಿಪಾಡ್ ಎಂಬ ದೊಡ್ಡ ಗುಂಪಿನ ಬೇರೆ ಪಂಗಡ, ನಿರುಪದ್ರವಿ, ಹಣೆಯ ನಡುವೆ ಒಂದೇ ಕಣ್ಣಿರುವುದು ಸೈಕ್ಲಾಪ್ಸಿಗೆ ಮಾತ್ರ, ಇವಕ್ಕೆ ಆ ಕಣ್ಣು ಇರುವುದಿಲ್ಲ. ನಾಳೆ ಸೂಕ್ಷ್ಮದರ್ಶಕ ತಂದು ತೋರಿಸುತ್ತೇನೆ ಎಂದೂ ಸೇರಿಸಿದೆ.

ಮಂಗಳವಾರ ಕಾಲೇಜಿನ ಸೂಕ್ಷ್ಮದರ್ಶಕವನ್ನು ಹೊತ್ತು ತಂದೆ. ಹನಿನಳಿಕೆಯಿಂದ ಗಾಜಿನ ಮೇಲಿನ ಎರಡು ಚುಕ್ಕೆಗಳನ್ನು ಹೀರಿ ಸೂಕ್ಷ್ಮದರ್ಶಕದ ಗಾಜುಪಟ್ಟಿಯ ಮೇಲೆ ಬಿಟ್ಟೆ. ಮೊದಲನೆಯದು ದೀಪದ ಕಾವಿಗೆ ಒಣಗಿ ಉಪ್ಪಿನ ಹರಳುಗಳ ನಡುವೆ ಹೂತುಹೋಯಿತು. ಎರಡನೆಯದನ್ನು ಹೆಚ್ಚು ನೀರಿನಲ್ಲಿಟ್ಟು, ಮೇಲಿನ ತೆಳುಗಾಜು ಅದನ್ನು ಅರೆಯದಂತೆ ಎರಡು ಕೂದಲೆಳೆ ಆನಿಸಿ, ಮಸೂರವನ್ನು ಇಳಿಸಿದೆ. ಆಕಾರ ಸ್ಪಷ್ಟವಾಯಿತು. ನಾನು ಮತ್ತೊಮ್ಮೆ ಮಸೂರ ಹೊಂದಿಸಿ ನೋಡಿದೆ. ಹಿರಿಯರು ನನ್ನನ್ನು ಮೆಲ್ಲಗೆ ಸರಿಸಿ ತಾವು ಬಗ್ಗಿ ನೋಡಿದರು.

“ಒಂದ ಕಣ್ಣು. ಕೆಂಪಗ, ನಟ್ಟನಡುವ. ನೀವು ಇರಂಗಿಲ್ಲ ಅಂದಿದ್ರಿ.”

ಅವರ ದನಿಯಲ್ಲಿ ಹಂಗಿಸುವ ಧಾಟಿಯೇನೂ ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು. ವೈದ್ಯೆ ಹೊರಗೆ ಬಂದು ಕೇಳಿಸಿಕೊಂಡರು. ಮಾವನವರು ಒಪ್ಪಿದರೆ ಮಾತ್ರ ತೊಟ್ಟಿ ಹೀಗೇ ಇರಲಿ ಎಂದರು. ಹಿರಿಯರು ಶನಿವಾರದವರೆಗೆ ಗಡುವು ಕೊಟ್ಟರು. ಅಷ್ಟರೊಳಗೆ ಇದು ಅದಲ್ಲ ಎಂದು ತೋರಿಸದಿದ್ದರೆ ಶನಿವಾರ ಸಂಜೆ ಔಷಧ.

ಹೊರಗೆ ಬಂದ ಮೇಲೆ ಚಾಚಾ ನನ್ನ ಜೊತೆ ರಸ್ತೆಯ ತಿರುವಿನ ತನಕ ನಡೆದು ಬಂದರು. ಕೊನೆಗೆ, “ಸರ, ನಾ ಗಾಜು ಕೊಯ್ಯೂ ಮುಂದ ಎರಡ ಸಲ ಅಳೀತೀನ್ರಿ. ನೀವು ಒಂದ ಸಲಾನೂ ಅಳೀಲಿಲ್ಲ,” ಎಂದರು.

ಬುಧವಾರ ಲಕ್ಷ್ಮೇಶ್ವರಕ್ಕೆ ಹೋದೆ. ಅಲ್ಲಿ ನಮ್ಮ ಮನೆಯ ಅಟ್ಟದ ಟ್ರಂಕಿನಲ್ಲಿ ನನ್ನ ವಿಶ್ವವಿದ್ಯಾಲಯದ ಪ್ರಯೋಗ ಪುಸ್ತಕಗಳಿದ್ದವು. ಕಾಲೇಜಿನ ಗ್ರಂಥಾಲಯದ ಪುಸ್ತಕದಲ್ಲಿ ಸಿಹಿನೀರಿನ ಸೈಕ್ಲಾಪ್ಸ್ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೆ ಸಮುದ್ರದ ಈ ಪಂಗಡವನ್ನು ನಾನೇ ಪೆನ್ಸಿಲಿನಿಂದ ಬಿಡಿಸಿದ್ದೆ. ಅದು ನನಗೆ ಚೆನ್ನಾಗಿ ನೆನಪಿತ್ತು: ಎಡಪುಟ, ಮೇಲ್ಭಾಗ, ಚೂಪಾದ ಬಾಲ, ಪ್ರಾಧ್ಯಾಪಕರ ಹಸಿರು ಶಾಯಿಯ ಸಹಿ.

ಟ್ರಂಕಿನಲ್ಲಿ ಪುಸ್ತಕ ಸಿಕ್ಕಿತು. ಆ ಚಿತ್ರ ಇರಲಿಲ್ಲ. ಎರಡು ಸಲ ಹಾಳೆ ಎಣಿಸಿದೆ. ಪುಟ ಹರಿದಿರಲಿಲ್ಲ, ಸಂಖ್ಯೆ ತಪ್ಪಿರಲಿಲ್ಲ. ಇದ್ದದ್ದು ಸೈಕ್ಲಾಪ್ಸಿನ ಚಿತ್ರ ಮಾತ್ರ. ಅದರ ಕೆಳಗೆ ನನ್ನದೇ ಕೈಬರಹದಲ್ಲಿ ಹೀಗಿತ್ತು: ನಡುವಿನ ಒಂಟಿ ಕಣ್ಣು ಈ ಇಡೀ ಗುಂಪಿನಲ್ಲಿ ಸಾಮಾನ್ಯ. ಸಹಿ ಇದ್ದದ್ದು ಕೆಂಪು ಶಾಯಿಯಲ್ಲಿ.

ಬರೆದವನು ನಾನೇ, ಮರೆತವನೂ ನಾನೇ. ಮರೆತದ್ದು ದೊಡ್ಡ ಮಾತಲ್ಲ. ಮರೆತ ಜಾಗದಲ್ಲಿ ನನ್ನ ತಲೆ ಬೇರೊಂದನ್ನು ಬಣ್ಣ ಸಮೇತ ಇಟ್ಟುಕೊಂಡಿತ್ತು. ಅದು ನನ್ನನ್ನು ಕಾಡಿತು. ಹಾಗಾದರೆ ಇನ್ನುಳಿದ ಲಕ್ಷಣಗಳು? ಈ ಪಂಗಡದ ಮೀಸೆ ಗಿಡ್ಡ, ತತ್ತಿಯ ಚೀಲ ಸಾಮಾನ್ಯವಾಗಿ ಒಂದು, ಸೈಕ್ಲಾಪ್ಸಿನದು ಎರಡು. ಹೀಗೆಂದು ನನಗೆ ನೆನಪಿತ್ತು. ಆ ನೆನಪಿನ ಸಹಿ ಯಾವ ಬಣ್ಣದ್ದು?

ಗದಗಿಗೆ ಮರಳುವ ಬಸ್ಸಿನಲ್ಲಿ ಒಂದು ನಿರ್ಧಾರಕ್ಕೆ ಬಂದೆ. ಇನ್ನು ನೆನಪಿನಿಂದ ಒಂದು ಮಾತೂ ಹೇಳುವುದಿಲ್ಲ. ನಿಜವಾದ ಸೈಕ್ಲಾಪ್ಸನ್ನೇ ತಂದು, ಇದರ ಪಕ್ಕದಲ್ಲಿಟ್ಟು, ಒಂದೇ ಮಸೂರದ ಕೆಳಗೆ ಹಿರಿಯರೂ ನಾನೂ ನೋಡುವುದು. ಒಂದರ ನೀರಿನಲ್ಲಿ ಇನ್ನೊಂದನ್ನು ಬಿಟ್ಟು ಏನಾಗುತ್ತದೆಂದು ನೋಡುವುದು. ಎಣಿಸುವವರು, ಬರೆಯುವವರು ಹಿರಿಯರೇ ಆಗಬೇಕು, ನಾನಲ್ಲ.

ಅವರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. ಸೈಕ್ಲಾಪ್ಸ್ ಹಿಡಿಯಲು ನನಗೆ ಬರುತ್ತದೆಯೇ? ಬಲೆ ತರುತ್ತೇನೆ ಎಂದೆ. ಅವರು ನಕ್ಕು, ಬಿಳಿ ಧೋತರದ ಒಂದು ತುಂಡನ್ನು ಚೀಲಕ್ಕೆ ಹಾಕಿಕೊಂಡರು.

ಗುರುವಾರ ಬೆಳಿಗ್ಗೆ ಮುಂಡರಗಿ ಬಸ್ಸು ಹತ್ತಿ ಡಂಬಳದಲ್ಲಿ ಇಳಿದೆವು. ಕೆರೆಯ ನೀರು ಇಳಿದು ಅಂಚಿನಲ್ಲಿ ಕೆಸರು ಬಿರುಕು ಬಿಟ್ಟಿತ್ತು. ಅವರು ಪಂಚೆ ಎತ್ತಿ ಕಟ್ಟಿ, ಪಾಚಿ ಇದ್ದ ಮೂಲೆಯೊಂದನ್ನು ಆರಿಸಿ, ದಂಡೆಯಲ್ಲೇ ಕುಕ್ಕರುಗಾಲಲ್ಲಿ ಕುಳಿತರು. ನೀರಿಗೆ ಕಾಲು ಇಳಿಬಿಡಲಿಲ್ಲ; ಹನ್ನೆರಡು ವರ್ಷ ಜನರಿಗೆ ಬೇಡವೆಂದದ್ದನ್ನು ಅವರ ಕಾಲೂ ಕಲಿತಿತ್ತು. ಧೋತರವನ್ನು ಎರಡು ಪದರ ಮಡಚಿ ತಂಬಿಗೆಯ ಬಾಯಿಗೆ ಬಿಗಿದು, ಇನ್ನೊಂದು ಪಾತ್ರೆಯಿಂದ ನೀರು ಮೊಗೆದು ಸೋಸತೊಡಗಿದರು. ಹದಿನೈದಿಪ್ಪತ್ತು ಸಲ. ಆಮೇಲೆ ಬಟ್ಟೆ ಬಿಚ್ಚಿ, ಹುಳ ಸಿಕ್ಕ ಮೈ ಕೆಳಗಾಗಿಸಿ, ಬೋಗುಣಿಯ ಸೋಸಿದ ನೀರಿನಲ್ಲಿ ಜಾಲಾಡಿದರು. ಬೋಗುಣಿಯ ತುಂಬ ಚುಕ್ಕೆಗಳು ಜಿಗಿದಾಡಿದವು. ಕುಡಿಯುವ ನೀರು ಸೋಸಲು ಕಲಿಸಿದ ವಿದ್ಯೆಯನ್ನೇ ಅವರು ತಿರುವಿ ಹಾಕಿದ್ದರು.

ಬಟ್ಟೆ ಒಗೆಯಲು ಬಂದಿದ್ದ ಮುದುಕಿಯೊಬ್ಬಳು ಅವರನ್ನೇ ದಿಟ್ಟಿಸಿ ಹತ್ತಿರ ಬಂದಳು.

“ನಾರಿನ ಸಾಹೇಬ್ರ ಹೌದಲ್ರಿ? ಯಾಕ ಬಂದ್ರಿ? ಮತ್ತ ಬಂತೇನ್ರಿ ಅದು?”

“ಇಲ್ಲಬೇ ಯವ್ವಾ. ಬಂದಿಲ್ಲ. ಬರಂಗಿಲ್ಲ.”

ಅವಳು ನಂಬಲಿಲ್ಲ. ಬೋಗುಣಿಯನ್ನು ಬಗ್ಗಿ ನೋಡಿ, ಸೆರಗಿನಿಂದ ಮೊಣಕಾಲಿನ ಹಳೆಯ ಗಾಯದ ಕಲೆ ಒರೆಸಿಕೊಳ್ಳುತ್ತ ಹೋದಳು. ಬಸ್ಸಿಗೆ ಕಾಯುವಾಗ ಹಿರಿಯರು ತಾವಾಗಿಯೇ ಮಾತು ತೆಗೆದರು. ಈ ರೋಗ ಬರಲು ನಾರು ಹುಳ ಇದ್ದ ಮನುಷ್ಯ ನೀರಿಗೆ ಕಾಲಿಡಬೇಕು, ಆ ನೀರನ್ನು ಇನ್ನೊಬ್ಬ ಕುಡಿಯಬೇಕು. ಸೊಸೆಯ ತೊಟ್ಟಿಯಲ್ಲಿ ಎರಡೂ ಆಗದೆಂಬುದು ತಮಗೆ ಗೊತ್ತಿಲ್ಲದ್ದೇನಲ್ಲ ಎಂದರು. ಅವರ ಚಿಂತೆ ಬೇರೆ ಇತ್ತು. ದವಾಖಾನೆಗೆ ಕೂಸು ಕರೆತರುವವರು ಇದೇ ಊರುಗಳ ತಾಯಂದಿರು.

“ನೀರಾಗ ಹುಳ ಆಡಿದ್ರ ಸೋಸ್ರಿ, ಚೆಲ್ರಿ ಅಂತ ಮನಿಮನಿಗೆ ಹೇಳೀನ್ರಿ ಸರ. ಅವರು ಬಂದು, ಸಾಹೇಬ್ರ ಮನ್ಯಾಗನ ಹುಳ ಇಟ್ಟಾರ ಅಂದ್ರ ನಾ ಯಾವ ಬಾಯಿಲೆ ಉತ್ತರಾ ಕೊಡ್ಲಿ?”

ಬೋಗುಣಿಯ ನೀರು ತುಳುಕದಂತೆ ಗದಗಿನವರೆಗೆ ತೊಡೆಯ ಮೇಲೆ ಹಿಡಿದು ಕುಳಿತೆ.

ಸಂಜೆ ಪಕ್ಕದ ಚಹಾದಂಗಡಿಯಿಂದ ನಾಲ್ಕು ಗಾಜಿನ ಲೋಟ ತಂದೆ. ಮೊದಲನೆಯದರಲ್ಲಿ ತೊಟ್ಟಿಯ ನೀರು, ತೊಟ್ಟಿಯ ಜೀವಿಗಳು. ಎರಡನೆಯದರಲ್ಲಿ ಸೋಸಿದ ಕೆರೆಯ ನೀರು, ತೊಟ್ಟಿಯ ಜೀವಿಗಳು. ಮೂರನೆಯದರಲ್ಲಿ ಕೆರೆಯ ನೀರು, ಕೆರೆಯ ಜೀವಿಗಳು. ನಾಲ್ಕನೆಯದರಲ್ಲಿ ತೊಟ್ಟಿಯ ನೀರು, ಕೆರೆಯ ಜೀವಿಗಳು. ಒಂದೊಂದಕ್ಕೂ ಇಪ್ಪತ್ತು. ಕೆಳಗೆ ಕಪ್ಪು ಕಾಗದ ಹಾಸಿದೆವು. ಒಂದು ಮತ್ತು ಮೂರು ತಮ್ಮ ತಮ್ಮ ನೀರಿನಲ್ಲೇ ಇದ್ದದ್ದರಿಂದ ಅವು ಬದುಕಿದರೆ ಮಾತ್ರ ಉಳಿದೆರಡರ ಫಲಕ್ಕೆ ಅರ್ಥ.

ಅರ್ಧ ಗಂಟೆಯಲ್ಲಿ ನಾಲ್ಕರಲ್ಲೂ ಎಲ್ಲವೂ ತಳ ಸೇರಿದವು.

ಹಿರಿಯರು ಪೆನ್ನು ಮುಚ್ಚಿದರು. ಹೀಗಿದ್ದರೆ ಔಷಧವೇ ಬೇಡ, ನೀವು ಮುಟ್ಟಿದರೆ ಸಾಕು ಎಂದರು. ನನಗೆ ನಗು ಬರಲಿಲ್ಲ. ಅಂಗಡಿ ಮುಚ್ಚಿ ಬಂದ ಚಾಚಾ ಒಂದು ಲೋಟ ಎತ್ತಿ ಮೂಸಿ ನೋಡಿ ತಲೆ ಹೊಡೆದುಕೊಂಡರು. ಚಹಾದಂಗಡಿಯವರು ಲೋಟ ತೊಳೆಯುವುದು ಸಾಬೂನು ಪುಡಿಯಲ್ಲಿ. ನಾನು ಮೂರು ಸಲ ನೀರಿನಲ್ಲಿ ತೊಳೆದಿದ್ದೆ, ಸಾಲದಾಗಿತ್ತು. ಮೀನು ಸಾಕುವವರ ಮೊದಲ ಪಾಠವೇ ಸಾಬೂನು ಮುಟ್ಟಿದ ಪಾತ್ರೆ ತೊಟ್ಟಿಯ ಹತ್ತಿರ ತರಬಾರದೆಂಬುದು. “ಇದನ್ನ ಯಾವ ಯುನಿವರ್ಸಿಟ್ಯಾಗೂ ಕಲಸಂಗಿಲ್ಲೇನ್ರಿ?” ಎಂದು ಅವರು ಕೇಳಿದ್ದಕ್ಕೆ ಹಿರಿಯರು ಬಾಯಿ ಮುಚ್ಚಿಕೊಂಡು ನಕ್ಕರು. ಬೋಗುಣಿಯಲ್ಲಿ ಕೆರೆಯ ಜೀವಿಗಳು ಇನ್ನೂ ಬೇಕಾದಷ್ಟಿದ್ದವು. ಅದಕ್ಕೆ ತೆಳು ಬಟ್ಟೆ ಹೊದಿಸಿ ಮನೆಗೆ ಹೋದೆವು.

ಶುಕ್ರವಾರ ನಮಾಜು ಮುಗಿಸಿಕೊಂಡು ಚಾಚಾ ಬಂದರು. ಗುರುವಾರ ರಾತ್ರಿಯೇ ಅವರು ಗಾಜಿನ ಚೂರುಗಳನ್ನು ಕೊಯ್ದು ಅಂಟಿಸಿ ಚೌಕದ ನಾಲ್ಕು ಡಬ್ಬಿ ಮಾಡಿದ್ದರೂ ಅಂಟು ಪೂರ್ತಿ ಆರಿರಲಿಲ್ಲ, ಹುಳಿ ವಾಸನೆ ಹೋಗಿರಲಿಲ್ಲ. ಹಾಗಾಗಿ ಅವನ್ನು ಅಂಗಡಿಯಲ್ಲೇ ಬಿಟ್ಟು, ಕಟ್ಟು ಬಿಚ್ಚದ ಹೊಸ ಲೋಟಗಳನ್ನು ತಂದಿದ್ದರು. ಅವನ್ನು ಬರೀ ನೀರಿನಲ್ಲಿ ತೊಳೆದು ಅದೇ ಕ್ರಮದಲ್ಲಿ ಇಟ್ಟೆವು. ನಾನು ಮುಟ್ಟಿದ್ದು ಹನಿನಳಿಕೆಯನ್ನು ಮಾತ್ರ.

ನಾಲ್ಕನೆಯ ಲೋಟದಲ್ಲಿ ಕೆರೆಯ ಸೈಕ್ಲಾಪ್ಸ್‌ಗಳು ಏಟು ಬಿದ್ದಂತೆ ಒಮ್ಮೆ ಎಲ್ಲ ದಿಕ್ಕಿಗೂ ಸಿಡಿದವು. ಕೆಲವೇ ನಿಮಿಷಗಳಲ್ಲಿ ಬೆನ್ನು ಕೆಳಗಾಗಿ ತಳಕ್ಕಿಳಿದವು. ಹಿರಿಯರು ಭೂತಗನ್ನಡಿಯಿಂದ ಎಣಿಸುತ್ತ ಬರೆದರು: ಇಪ್ಪತ್ತಕ್ಕೆ ಇಪ್ಪತ್ತು. ಒಂದು ಮತ್ತು ಮೂರನೆಯ ಲೋಟಗಳಲ್ಲಿ ಎಲ್ಲವೂ ಓಡಾಡುತ್ತಿದ್ದವು. ಎರಡನೆಯದರಲ್ಲಿ, ಸಿಹಿನೀರಿಗೆ ಬಿದ್ದ ತೊಟ್ಟಿಯ ಜೀವಿಗಳು ಮೊದಲು ತಳಕ್ಕೆ ಕಚ್ಚಿಕೊಂಡವು, ಆಮೇಲೆ ಒಂದೊಂದಾಗಿ ಸ್ತಬ್ಧವಾದವು. ಆದರೆ ಗಂಟೆಯಾದರೂ ಮೂರು ಕಾಲಾಡಿಸುತ್ತಲೇ ಇದ್ದವು. ಸತ್ತಂತೆಯೇ ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು.

“ಮೂರು ಜೀವಂತ ಅಂತ ಬರೀರಿ,” ಎಂದೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಬರೆದರು. ಸಂಜೆ ದವಾಖಾನೆ ಮುಚ್ಚುವ ಹೊತ್ತಿಗೆ ಆ ಮೂರೂ ನಿಂತಿದ್ದವು. ಅದನ್ನೂ ಸಮಯ ಹಾಕಿ ಬರೆದರು.

ಶನಿವಾರ ಬೆಳಿಗ್ಗೆ ಎರಡನ್ನೂ ಅಕ್ಕಪಕ್ಕ ಮಸೂರದ ಕೆಳಗಿಟ್ಟೆ. ಒಂದು ಮಾತನ್ನೂ ಹೇಳದೆ ಹಿರಿಯರಿಗೆ ಕುರ್ಚಿ ಬಿಟ್ಟುಕೊಟ್ಟೆ. ಅವರು ಕಂಡದ್ದನ್ನು ಗಟ್ಟಿಯಾಗಿ ಹೇಳುತ್ತ ಹೋದರು, ನಾನು ಬರೆದುಕೊಂಡೆ. ಕೆರೆಯದು ಮುಂದೆ ಅಗಲ, ನಡುವೆ ಸೊಂಟದಂತೆ ಸಣ್ಣಗಾಗಿ ಬಾಲ ಬೇರೆಯಾಗಿ ಕಾಣುತ್ತದೆ. ತೊಟ್ಟಿಯದು ತಲೆಯಿಂದ ಬಾಲದವರೆಗೆ ಒಂದೇ ಸಮ ಸಣ್ಣಗಾಗುತ್ತ ಹೋಗುತ್ತದೆ. ಕೆರೆಯದರ ಮೀಸೆ ಉದ್ದ, ತೊಟ್ಟಿಯದು ಮೊಂಡು. ಕೆರೆಯದು ಜಿಗಿಯುತ್ತದೆ, ಇದು ತೆವಳುತ್ತದೆ. ಕೆರೆಯದಕ್ಕೆ ಹಿಂದೆ ಎರಡು ಬದಿಗೆ ಎರಡು ತತ್ತಿ ಚೀಲ. ತೊಟ್ಟಿಯದಕ್ಕೆ ಹೊಟ್ಟೆಯ ಕೆಳಗೆ ಒಂದೇ. ಕಣ್ಣು ಎರಡಕ್ಕೂ ಒಂದೊಂದು.

ಕಣ್ಣು, ಬಾಲ, ಮೀಸೆ, ಚೀಲ: ನನ್ನ ನೆನಪು ನಾಲ್ಕರಲ್ಲಿ ಮೂರು ಸರಿ ಇತ್ತು. ಆ ಮೂರು ಯಾವುವು ಎಂಬುದು ಮಾತ್ರ ಅಂದಿನವರೆಗೆ ನನಗೆ ಗೊತ್ತಿರಲಿಲ್ಲ.

ಒಂದು ಸಂಶಯ ಉಳಿದಿತ್ತು, ಅದನ್ನು ನಾನೇ ಎತ್ತಿದೆ. ಈ ಗುಂಪಿನಲ್ಲಿ ಮೀನಿನ ಮೈಗೆ ಅಂಟಿ ರಕ್ತ ಹೀರುವವೂ ಇವೆ. ಚಾಚಾಗೆ ಸಿಟ್ಟು ಬಂತು. ಗೆದ್ದ ಮೇಲೆ ಯಾಕೆ ಕೆದಕುತ್ತೀರಿ ಎಂಬ ಸಿಟ್ಟು. ಆದರೂ ಒಂದು ಮೀನನ್ನು ನೀರು ಸಮೇತ ಪಾರದರ್ಶಕ ಡಬ್ಬಿಗೆ ತೆಗೆದುಕೊಂಡು ಕಿವಿರು, ರೆಕ್ಕೆಯ ಬುಡ, ಕಣ್ಣಿನ ಸುತ್ತ ಎಲ್ಲವನ್ನೂ ತೋರಿಸಿದರು. ಏನೂ ಅಂಟಿರಲಿಲ್ಲ. ಮರಳಿ ಬಿಟ್ಟ ಮೀನು ಗಾಜಿನ ಹತ್ತಿರ ಬಂದು, ಚುಕ್ಕೆಯೊಂದನ್ನು ಕುಕ್ಕಿ ನುಂಗಿತು. ಯಾರು ಯಾರನ್ನು ತಿನ್ನುತ್ತಾರೆಂಬುದು ನಮ್ಮ ಮೂವರ ಕಣ್ಣೆದುರೇ ಇತ್ತು.

ಹಿರಿಯರು ಎದ್ದು ಕಪಾಟಿನ ಬಾಟಲಿ ತೆಗೆದು ಚೀಲಕ್ಕೆ ಹಾಕಿಕೊಂಡರು, ತಂದವರಿಗೆ ಮರಳಿಸಲು. ಸೊಸೆಯನ್ನು ಕರೆದು ತೊಟ್ಟಿ ಇರಲಿ ಎಂದರು. ಚಾಚಾ ಅವರ ಎರಡೂ ಕೈ ಹಿಡಿದುಕೊಂಡರು. ಆದರೆ ಹಿರಿಯರದೊಂದು ಷರತ್ತಿತ್ತು. ತಾಯಂದಿರಿಗೆ ಉತ್ತರ ಬೇಕು. ಗಾಜಿನ ಪಕ್ಕ ಒಂದು ಚೀಟಿ ಅಂಟಿಸಬೇಕು, ಅದರಲ್ಲಿ ಈ ಜೀವಿಯ ಹೆಸರು ಇರಬೇಕು. ಜಾತಿ ಯಾವುದೆಂದು ನನ್ನನ್ನು ಕೇಳಿದರು.

ಎರಡು ಹೆಸರು ನಾಲಿಗೆಗೆ ಬಂದವು. ಪಂಗಡದವರೆಗೆ ಖಾತರಿ, ಜಾತಿ ಗೊತ್ತಿಲ್ಲ ಎಂದೆ. “ಹಂಗಾದ್ರ ಗೊತ್ತಿದ್ದಷ್ಟ ಬರಿಯೂಣು,” ಎಂದು ಅವರು ಇಲಾಖೆಯ ದುಂಡಕ್ಷರದಲ್ಲಿ ಬರೆದರು: ‘ಇದು ಸಮುದ್ರದ ಉಪ್ಪುನೀರು. ಇದರಲ್ಲಿರುವ ಸಣ್ಣ ಜೀವಿಗಳು ನಾರು ಹುಣ್ಣಿನ ಹುಳವನ್ನು ಹೊರುವುದಿಲ್ಲ, ಸಿಹಿನೀರಿನಲ್ಲಿ ಬದುಕುವುದಿಲ್ಲ. ನಾವು ಪರೀಕ್ಷೆ ಮಾಡಿ ನೋಡಿದ್ದೇವೆ. ಮನೆಯ ಕುಡಿಯುವ ನೀರನ್ನು ಸೋಸುವುದು ಬಿಡಬೇಡಿರಿ.’ ಕೆಳಗೆ ತಮ್ಮ ಸಹಿ ಹಾಕಿ, ಪೆನ್ನನ್ನು ನನ್ನತ್ತ ಚಾಚಿದರು. ನಾನೂ ಹಾಕಿದೆ.

ಹದಿನೈದು ದಿನ ಬಿಟ್ಟು ಸೂಕ್ಷ್ಮದರ್ಶಕ ಒಯ್ಯಲು ಹೋದಾಗ ದವಾಖಾನೆ ತುಂಬಿತ್ತು. ಹಿರಿಯರು ಅದೇ ಕುರ್ಚಿಯಲ್ಲಿದ್ದರು. ಮುಂಡರಗಿ ಕಡೆಯ ತಾಯಿಯೊಬ್ಬಳು ಕೂಸನ್ನು ಎತ್ತಿಕೊಂಡು ಅವರ ಭುಜದ ಮೇಲಿಂದ ಗಾಜನ್ನು ನೋಡುತ್ತಿದ್ದಳು. ಅವರು ನನ್ನನ್ನು ಕಂಡರು. ಈ ಸಲ ಎದ್ದು ನಿಂತು ಭೂತಗನ್ನಡಿಯನ್ನು ನನ್ನ ಕೈಗಿತ್ತರು.

“ಕೊಲ್ಲಾಕ ಅಂತ ಹನ್ನೆರಡ ವರ್ಷ ಎಣಿಸಿದ್ನಿ. ಇಲ್ಲಿ ನೋಡ್ರಿ, ಎಡಗಡೆ ಮೂಲ್ಯಾಗ. ಮುಂಜಾನೆ ತತ್ತಿ ಚೀಲ ತುಂಬಿತ್ತು.”

ಬಗ್ಗಿ ನೋಡಿದೆ. ಚೀಲ ಖಾಲಿಯಾಗಿತ್ತು. ಅದರ ಸುತ್ತ, ಭೂತಗನ್ನಡಿಯಲ್ಲೂ ತೀರ ಸಣ್ಣಗೆ ಕಾಣುವ ಮರಿಗಳು ಗಾಜು ಹಿಡಿದು ಚದುರುತ್ತಿದ್ದವು.